ಅರ್ಧಕ್ಕೆ ನಿಂತ ಗೇಣಿನ ಪಾಠ

ಅಕ್ಕೋರು ಹೋದ ಸುದ್ದಿ ಬಂದಾಗ ನಾನು ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದೆ. ನಮ್ಮ ಹಳೇ ಶಾಲೆಯ ಟೀಚರುಗಳದ್ದೊಂದು ವಾಟ್ಸಾಪ್ ಗುಂಪಿದೆ, ಅದರಲ್ಲಿ ಯಾರೋ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕೈ ಮುಗಿದು ಮುಗಿಸಿದ್ದರು. 'ಸದಾ ನಗುಮುಖದ ನಮ್ಮ ಅಕ್ಕೋರು' ಅಂತ ಒಬ್ಬಳು ಬರೆದಿದ್ದಳು. ನನಗೆ ಮೈ ಉರಿಯಿತು. ಸದಾ ನಗುಮುಖವಂತೆ. ಅಕ್ಕೋರ ಮುಖದಲ್ಲಿ ನಗು ಬರುತ್ತಿದ್ದುದು ತಿಂಗಳಿಗೆ ಎರಡು ಸಲ, ಅದೂ ಮಕ್ಕಳು ಏನಾದರೂ ತಪ್ಪು ಹೇಳಿದಾಗ. ಉಳಿದ ಹೊತ್ತಿನಲ್ಲಿ ಹುಬ್ಬು ಗಂಟಿಕ್ಕಿಕೊಂಡು, ಪೆನ್ಸಿಲ್ಲಿನ ಹಿಂಬದಿಯಿಂದ ತಲೆ ಕೆರೆದುಕೊಳ್ಳುತ್ತಾ ಇರುತ್ತಿದ್ದರು. ಸತ್ತವರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಸಿ ತೊಡಿಸುವುದು ನನಗೆ ಆಗಿಬರುವುದಿಲ್ಲ.

ನಾನೂ ಏನಾದರೂ ಬರೆಯಬೇಕಿತ್ತು. ಅವರ ಜೊತೆ ಹನ್ನೆರಡು ವರ್ಷ ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡಿದವಳು ನಾನು. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಅಳಿಸಿದೆ. ಅವರಿಗೆ ನಾನು ಮಾಡಿದ್ದನ್ನು ಬಿಟ್ಟು ಬೇರೆ ಏನು ಬರೆದರೂ ಅದು ನಾಟಕವಾಗುತ್ತಿತ್ತು. ಮಾಡಿದ್ದನ್ನು ಆ ಗುಂಪಿನಲ್ಲಿ ಬರೆಯುವ ಧೈರ್ಯ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಇದ್ದದ್ದು ತಮಿಳು ನಾಡಿನಲ್ಲಿ, ಕಡಲ ದಡದ ರಾಯಪುರದಲ್ಲಿ. ಕಿಟಕಿ ತೆಗೆದರೆ ಹಾರ್ಬರಿನ ಕ್ರೇನು ಕಾಣುತ್ತಿತ್ತು, ಗಾಳಿ ತಿರುಗಿದರೆ ಮೀನಿನ ವಾಸನೆ ಬರುತ್ತಿತ್ತು. ರೈಲ್ವೆಯವರು, ಹಾರ್ಬರಿನವರು, ಅಜ್ಜನ ಕಾಲದಲ್ಲೇ ಬಂದು ಅಂಗಡಿ ಇಟ್ಟವರು, ಹೀಗೆ ಬಂದು ನೆಲೆಸಿದ ಕನ್ನಡದವರ ಮಕ್ಕಳಿಗೆ ಕನ್ನಡ ಕಲಿಸಬೇಕು ಅಂತ ಹಿಂದಿನವರು ಕಟ್ಟಿದ ಶಾಲೆ. ಒಂದರಿಂದ ಐದರವರೆಗೆ ಕನ್ನಡ ಮಾಧ್ಯಮ. ನಾನು ಸೇರಿದಾಗ ಕ್ಲಾಸಿಗೆ ನಲವತ್ತು ಮಕ್ಕಳಿದ್ದರು, ಬರುಬರುತ್ತಾ ಇಪ್ಪತ್ತಕ್ಕೆ ಇಳಿದಿತ್ತು. ಈಗ ಆ ಶಾಲೆಯೇ ಇಲ್ಲ.

ಅಕ್ಕೋರು ಧಾರವಾಡದ ಕಡೆಯವರು. ಅವರ ಯಜಮಾನರು ಇನ್ಶೂರೆನ್ಸ್ ಆಫೀಸಿನಲ್ಲಿದ್ದರು, ವರ್ಗವಾಗಿ ಇಲ್ಲಿಗೆ ಬಂದು ಇಲ್ಲೇ ನಿಂತವರು. ನಮ್ಮಲ್ಲಿ ಮಕ್ಕಳು ಟೀಚರನ್ನು 'ಮಿಸ್' ಅನ್ನುತ್ತವೆ. ಈಯಮ್ಮ ಮೊದಲನೇ ದಿನವೇ ಎರಡನೇ ಕ್ಲಾಸಿಗೆ ಹೋಗಿ, "ನಮ್ಮ ಕಡೆ ಟೀಚರಿಗೆ ಅಕ್ಕೋರು ಅಂತಾರ, ನನಗ ಹಂಗ ಅನ್ರಿ" ಅಂದರಂತೆ. ಮಕ್ಕಳು ಅಂದವು. ಆಮೇಲೆ ನಾವೂ ಅಂದೆವು, ಮೊದಮೊದಲು ಕುಚೋದ್ಯಕ್ಕೆ, ಆಮೇಲೆ ಅಭ್ಯಾಸವಾಗಿ. ಅಟೆಂಡೆನ್ಸ್ ರಿಜಿಸ್ಟರಿನಲ್ಲಿ ಬಿಟ್ಟರೆ ಅವರ ನಿಜವಾದ ಹೆಸರನ್ನು ಯಾರೂ ಕರೆದದ್ದು ನನಗೆ ಗೊತ್ತಿಲ್ಲ.

ಎತ್ತರದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಕ್ಕಳ ಬೆಂಚಿನ ಮೇಲೇ ಕೂತುಬಿಡುತ್ತಿದ್ದರು, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ. ಕುರ್ಚಿಯ ಮೇಲೆ ಅವರ ಕೈಚೀಲ ಕೂತಿರುತ್ತಿತ್ತು. ಆ ಚೀಲದೊಳಗೆ ಏನಿರುತ್ತಿತ್ತೋ ದೇವರೇ ಬಲ್ಲ. ಹುಣಸೆಬೀಜ, ದಾರ, ಬಾಟಲಿ ಮುಚ್ಚಳ, ತೆಂಗಿನ ಕರಟ, ಒಂದು ದಿನ ಇಡೀ ಒಂದು ಸೋರೆಕಾಯಿ.

ಅವರ ದೊಡ್ಡ ದೋಷ ಅಂತ ನಾವೆಲ್ಲ ಒಪ್ಪಿಕೊಂಡದ್ದು ಒಂದು. ಉತ್ತರ ಹೇಳುತ್ತಿರಲಿಲ್ಲ. ಮಗು ಏನಾದರೂ ಕೇಳಿದರೆ, "ನನಗೂ ಗೊತ್ತಿಲ್ಲೋ ಯಪ್ಪಾ, ನೋಡೋಣು" ಅನ್ನುವುದು. ಮಕ್ಕಳ ಮುಂದೆ ಟೀಚರೊಬ್ಬಳು ಗೊತ್ತಿಲ್ಲ ಅನ್ನುವುದೆಂದರೇನು? ನಾನು ಒಂದು ಸಲ ನೇರವಾಗಿ ಕೇಳಿದೆ. "ಅಕ್ಕೋರೇ, ಗೊತ್ತಿದ್ದೂ ಗೊತ್ತಿಲ್ಲ ಅಂತೀರಲ್ಲ, ಸುಳ್ಳಲ್ಲವೇ ಅದು?"

ಅವರು ಟಿಫನ್ ಡಬ್ಬಿಯಿಂದ ತಲೆ ಎತ್ತದೆ, "ನನಗ ಗೊತ್ತಿರೂದು ಬ್ಯಾರೆ ರೀ. ಅವಕ್ಕ ಹೆಂಗ ಗೊತ್ತಾಗ್ತದ ಅನ್ನೂದು ನನಗ ಖರೇನೇ ಗೊತ್ತಿಲ್ಲ" ಅಂದರು. ಅಂದು, ಶೇಂಗಾ ಚಟ್ನಿ ನನ್ನ ಕಡೆ ಸರಿಸಿದರು.

ಒಂದು ವಾರ ಕಾಗೆ ಪಾಠ ನಡೆಯಿತು. ಪುಸ್ತಕದಲ್ಲಿ ಪಕ್ಷಿಗಳು ಅಂತ ಒಂದೂವರೆ ಪುಟ ಇತ್ತು, ನಾನಾಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಇವರು ಮಕ್ಕಳನ್ನು ಕಿಟಕಿಗೆ ಕೂರಿಸಿ, ಕಾಗೆ ಎಷ್ಟು ಹೊತ್ತಿಗೆ ಬರುತ್ತೆ, ಇಡ್ಲಿ ಮೊದಲು ತಿನ್ನುತ್ತೋ ವಡೆ ಮೊದಲೋ, ಒಂದು ಬಂದ ಮೇಲೆ ಎರಡನೇದಕ್ಕೆ ಯಾರು ಹೇಳಿ ಕಳಿಸುತ್ತಾರೆ, ಇದನ್ನೆಲ್ಲ ಬರೆಸಿದರು. ಒಬ್ಬ ತಂದೆ, ಹಾರ್ಬರಿನಲ್ಲಿ ಗುಮಾಸ್ತ, ನೋಟ್‌ಬುಕ್ ಹಿಡಿದುಕೊಂಡು ಜಗಳಕ್ಕೇ ಬಂದ. "ಏನ್ ಮಿಸ್ ಇದು, ನೋಟ್ ಪೂರಾ ಕಾಕಾ ಕಾಕಾ ಅಂತ ಇದೆ?" ಅಕ್ಕೋರು ಅವನಿಗೆ ಜಾಗ ಮಾಡಿಕೊಟ್ಟು, "ಕೂಡ್ರಿ, ಈಗ ಬರೂ ಹೊತ್ತಾತು" ಅಂದರು. ಆ ಮನುಷ್ಯ ಎರಡನೇ ಕ್ಲಾಸಿನ ಬೆಂಚಿನಲ್ಲಿ ಮಗಳ ಪಕ್ಕ ಮುದುರಿಕೊಂಡು ಅರ್ಧ ಗಂಟೆ ಕಾಗೆ ನೋಡಿದ. ಶಿಫ್ಟಿಗೆ ತಡವಾಯಿತು ಅಂತ ಓಡಿದ. ಮಾರನೇ ದಿನ ಮಗಳ ಕೈಲಿ ಒಂದು ಪೊಟ್ಟಣ ಖಾರಾಬೂಂದಿ ಕಳಿಸಿದ್ದ, ಕಾಗೆಗೆ.

ಇನ್ನೊಂದು ಸಲ, ಯಾವುದು ಮುಳುಗುತ್ತೆ ಯಾವುದು ತೇಲುತ್ತೆ ಅನ್ನುವ ಪಾಠ. ಬಕೆಟ್ಟಿನಲ್ಲಿ ನೀರು ಇಟ್ಟು, ಮನೆಯಿಂದ ಏನು ಬೇಕಾದರೂ ತನ್ನಿ ಅಂದಿದ್ದರು. ಹರಿಣಿ ಅಂತ ಒಂದು ಹುಡುಗಿ, ಹಾಲು ಮೊಸರು ಬಿಟ್ಟರೆ ಬೇರೇನೂ ಮುಟ್ಟದ ಮನೆಯದು, ಪಕ್ಕದ ಮನೆಯಿಂದ ಒಂದು ಒಣಮೀನು ಇಸಿದುಕೊಂಡು ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟುಕೊಂಡು ಬಂದಿತ್ತು. ಮೀನು ತೇಲಿತು. ಆಗ ಜಗಳ ಶುರು. ನೀರಿನೊಳಗೆ ಇರಬೇಕಾದ ಮೀನು ಮೇಲೆ ಯಾಕೆ ಬಂತು? ಸತ್ತಿದ್ದಕ್ಕೋ, ಒಣಗಿದ್ದಕ್ಕೋ, ಉಪ್ಪು ಹಾಕಿದ್ದಕ್ಕೋ? ಅರ್ಧ ಕ್ಲಾಸು ತಮಿಳಿನಲ್ಲಿ ಕಿರುಚುತ್ತಿತ್ತು, ಇನ್ನರ್ಧ ಅದಕ್ಕಿಂತ ಜೋರಾಗಿ ತಮಿಳಿನಲ್ಲೇ ಉತ್ತರ ಕೊಡುತ್ತಿತ್ತು. ಅಕ್ಕೋರು ನಡುವೆ ಬಕೆಟ್ ಕಾಯುತ್ತಾ ಕೂತಿದ್ದರು. ವಾಸನೆ ನನ್ನ ಕ್ಲಾಸಿಗೂ ಬಂತು. ನಾನು ಹೋಗಿ ಹೆಡ್‌ಮಿಸ್ ಹತ್ತಿರ ದೂರು ಕೊಟ್ಟೆ. ವಾಸನೆಯ ಬಗ್ಗೆ ಅಂತ ಹೇಳಿದೆ. ನಿಜಕ್ಕೂ ನನ್ನನ್ನು ಚುಚ್ಚಿದ್ದು ಆ ತಮಿಳು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಅಂತಲ್ಲ. ಮನೆಯಲ್ಲಿ ಅಮ್ಮ ಕನ್ನಡದಲ್ಲೇ ಕರೆಯುತ್ತಾಳೆ, ಅಜ್ಜಿ ಕನ್ನಡದಲ್ಲೇ ಬಯ್ಯುತ್ತಾಳೆ, ಎಲ್ಲ ಅರ್ಥವಾಗುತ್ತೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತೆ. ಬೀದಿಯ ಭಾಷೆ ಅದು, ಆಟದ ಭಾಷೆ ಅದು, ನಾಲಿಗೆಗೆ ಅದೇ ಮೊದಲು ಸಿಗುತ್ತೆ. ನಮ್ಮನೆಯಲ್ಲೂ ಅಷ್ಟೇ. ನಮ್ಮ ತಾತ ಮೈಸೂರು ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರು. ಮೂರು ತಲೆಮಾರು ನಾವು ಮನೆಯಲ್ಲಿ ಕನ್ನಡ ಉಳಿಸಿಕೊಂಡಿದ್ದೇವೆ ಅಂತ ನಾನು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದೆ. ಆಗ ನನ್ನ ಮಗಳು ಎಂಟನೇ ಕ್ಲಾಸು. "ಊಟಕ್ಕೆ ಬಾರೇ" ಅಂದರೆ "ವರೇಮ್ಮಾ" ಅನ್ನುವಳು. "ಕನ್ನಡದಲ್ಲಿ ಹೇಳು" ಅಂದರೆ ಸುಮ್ಮನೆ ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುವಳು. ಕನ್ನಡ ಟೀಚರಿನ ಮಗಳು. ಮನೆಯಲ್ಲಿ ಸೋತವಳಿಗೆ ಶಾಲೆಯಲ್ಲಾದರೂ ಗೆಲ್ಲಬೇಕು ಅನ್ನುವ ಹಟ. ನನ್ನ ಮೂರನೇ ಕ್ಲಾಸಿನಲ್ಲಿ ತಮಿಳು ಮಾತಾಡಿದ ಮಗು ಬಾಗಿಲಲ್ಲಿ ನಿಲ್ಲಬೇಕಿತ್ತು. ಅದನ್ನು ಶಿಸ್ತು ಅಂತ ನಾನು ಅಂದುಕೊಂಡಿದ್ದೆ.

ಅಕ್ಕೋರಿಗೆ ಇದರ ಬಗ್ಗೆಯೂ ಹೇಳಿ ನೋಡಿದ್ದೆ. ಅವರು ಹೇಳಿದ್ದು ಇಷ್ಟು: "ತಲ್ಯಾಗ ಬಂದದೋ ಇಲ್ಲೋ ಅಷ್ಟ ಮದಲ ನೋಡೂದು. ಬಾಯಿಗೆ ಯಾವ ಭಾಷಾ ಬಂತು ಅನ್ನೂದು ಆಮ್ಯಾಲಿನ ಮಾತು." ಕನ್ನಡ ಶಾಲೆಯ ಸಂಬಳ ತಗೊಂಡು ಆಡುವ ಮಾತೇ ಇದು ಅಂತ ನನಗೆ ಅನ್ನಿಸಿತ್ತು. ಒಂದು ವಿಷಯ ಅವತ್ತು ನಾನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಕಣ್ಣು ಮುಚ್ಚಿಕೊಂಡೆ. ವರ್ಷದ ಕೊನೆಗೆ ಅವರ ಕ್ಲಾಸಿನ ಮಕ್ಕಳೇ ಹೆಚ್ಚು ಕನ್ನಡ ಮಾತಾಡುತ್ತಿದ್ದರು, ಅದೂ ಧಾರವಾಡದ ಕನ್ನಡ. ರಾಯಪುರದ ಬೀದಿಯಲ್ಲಿ "ಯಾಕ ಬರಲಿಲ್ಲೋ" ಅನ್ನುವ ಮಗು ಕಂಡರೆ ಅದು ಅಕ್ಕೋರ ಕ್ಲಾಸಿನದು ಅಂತ ಹೇಳಿಬಿಡಬಹುದಿತ್ತು.

ಗೇಣಿನ ಪಾಠ ಶುರುವಾಗಿದ್ದು ಅರ್ಧವಾರ್ಷಿಕ ಪರೀಕ್ಷೆಗೆ ಸ್ವಲ್ಪ ಮುಂಚೆ. ಎರಡನೇ ಕ್ಲಾಸಿಗೆ ಅಳತೆ ಅಂತ ಒಂದು ಪಾಠ ಇರುತ್ತೆ. ಅಕ್ಕೋರು ಸ್ಕೇಲು ತೆಗೆಸಲಿಲ್ಲ. ಗೋಡೆ ಪಕ್ಕದ ಉದ್ದ ಬೆಂಚನ್ನು ಕೈಯಲ್ಲಿ ಗೇಣು ಹಾಕಿ ಅಳೆಯಿರಿ ಅಂದರು. ಒಂದು ಮಗುವಿಗೆ ಹನ್ನೊಂದು ಗೇಣು ಬಂತು, ಇನ್ನೊಂದಕ್ಕೆ ಹದಿಮೂರು, ಮತ್ತೊಂದಕ್ಕೆ ಹನ್ನೆರಡು ಮತ್ತು ಸ್ವಲ್ಪ. ಅಕ್ಕೋರು ತಾವೂ ಅಳೆದರು, ಏಳೂವರೆ ಬಂತು. ಎಲ್ಲರ ಹೆಸರಿನ ಮುಂದೆ ಅವರವರ ಲೆಕ್ಕ ಬೋರ್ಡಿನ ಮೇಲೆ ಬರೆದು ಕೂತರು.

ಮಕ್ಕಳು ಮೊದಲು ಹೇಳಿದ್ದು ಅಕ್ಕೋರು ಮೋಸ ಮಾಡಿದರು ಅಂತ. ಎರಡನೇ ಸಲ ಎಲ್ಲರೂ ನಿಂತು ನೋಡುವಾಗ ಅಳೆಸಿದರು, ಮತ್ತೆ ಏಳೂವರೆ. ಬೆಂಚು ಬೆಳಿಗ್ಗೆ ಉದ್ದ ಇರುತ್ತೆ, ಸಾಯಂಕಾಲ ಗಿಡ್ಡ ಆಗುತ್ತೆ ಅಂತ ಒಂದು ಗುಂಪು ಹೇಳಿತು. ಸರಿ, ಬೆಳಿಗ್ಗೆ ಒಂದು ಸಲ ಸಾಯಂಕಾಲ ಒಂದು ಸಲ ಅಳೆದಾಯಿತು. ಆಮೇಲೆ ಮನೆಯಲ್ಲಿ ಬಾಗಿಲನ್ನು ಅಮ್ಮನ ಗೇಣಿನಲ್ಲಿ ಒಂದು ಸಲ, ನಿಮ್ಮ ಗೇಣಿನಲ್ಲಿ ಒಂದು ಸಲ ಅಳೆದುಕೊಂಡು ಬನ್ನಿ ಅಂದರು. ಅಡುಗೆ ಹೊತ್ತಿನಲ್ಲಿ ಬಾಗಿಲು ಅಳೆಯುವುದಕ್ಕೆ ಕರೆಸಿಕೊಂಡ ಅಮ್ಮಂದಿರು ಗೇಟಿನಲ್ಲಿ ನನ್ನ ಹತ್ತಿರ ಗೊಣಗಿದರು. ಆರು ದಿನ ಆಯಿತು. ಬೋರ್ಡಿನ ಅರ್ಧ ಭಾಗ ಬರೀ ಹೆಸರು, ಲೆಕ್ಕ. ಅದರ ಕೆಳಗೆ 'ಅಳಿಸಬೇಡಿ' ಅಂತ ಬರೆದಿದ್ದರು. "ಹೇಳಿಬಿಡಿ ಅಕ್ಕೋರೇ, ನಿಮ್ಮ ಕೈ ದೊಡ್ಡದು ಅಂತ, ಮುಗಿದುಹೋಗುತ್ತೆ" ಅಂದೆ ನಾನು. "ಬಾಯಿ ತನಕ ಬಂದದ ರೀ ಅವಕ್ಕ. ಇನ್ನೊಂದೆರಡು ದಿವಸ" ಅಂದರು.

ಅಷ್ಟರಲ್ಲಿ ಪರೀಕ್ಷೆ ಬಂತು. ಆ ವರ್ಷ ಶಾಲೆಯ ಕಾರ್ಯದರ್ಶಿಗಳು, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಹೊಸದೊಂದು ಏರ್ಪಾಡು ಮಾಡಿದ್ದರು. ಒಬ್ಬರ ಕ್ಲಾಸಿನ ಬಾಯಿಪರೀಕ್ಷೆಯನ್ನು ಇನ್ನೊಬ್ಬರು ಮಾಡಬೇಕು, ಆಗ ಪಕ್ಷಪಾತ ಇರುವುದಿಲ್ಲ ಅಂತ. ಪ್ರಶ್ನೆಗಳನ್ನು ಮಾತ್ರ ಆಯಾ ಕ್ಲಾಸಿನ ಟೀಚರೇ ಬರೆದು ಕೊಡಬೇಕು. ಎರಡನೇ ಕ್ಲಾಸು ನನಗೆ ಬಂತು, ನನ್ನ ಮೂರನೇ ಕ್ಲಾಸು ಅಕ್ಕೋರಿಗೆ. ಮಕ್ಕಳು ಕಡಿಮೆಯಾಗಿದ್ದಾರೆ, ಕ್ಲಾಸುಗಳನ್ನು ಸೇರಿಸಬೇಕಾಗುತ್ತೆ ಅನ್ನುವ ಮಾತು ಆಗಲೇ ಕಚೇರಿಯಲ್ಲಿ ನಡೆದಿತ್ತು. ಯಾರೋ ಒಬ್ಬರ ಕೈಯಿಂದ ಕ್ಲಾಸು ಹೋಗುತ್ತೆ ಅಂತ ನಮಗೆಲ್ಲ ಗೊತ್ತಿತ್ತು.

ಅಕ್ಕೋರು ಕೊಟ್ಟ ಪಟ್ಟಿಯಲ್ಲಿ ಐದು ಪ್ರಶ್ನೆ ಇದ್ದವು. ಕೊನೇದು, 'ಬೆಂಚು ಒಂದೇ, ಅಳೆದಾಗ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂತು, ಯಾಕೆ?' ಉತ್ತರವನ್ನೇ ಹೇಳಿಕೊಡದೆ ಪ್ರಶ್ನೆ ಕೇಳುವುದು ಹೇಗೆ ಅಂದೆ. "ನಾ ಹೇಳಿಲ್ಲ. ನಿಮ್ಮ ಮುಂದ ಹೇಳಿದ್ರೂ ಹೇಳಬಹುದು, ಕೇಳಿ ನೋಡ್ರಿ" ಅಂದರು.

ಒಂದೊಂದೇ ಮಗುವನ್ನು ಸ್ಟಾಫ್ ರೂಮಿಗೆ ಕರೆಸಿದೆ. ಇಪ್ಪತ್ತೊಂದು ಮಕ್ಕಳು. ಕನ್ನಡದಲ್ಲಿ ಕೇಳಿದೆ, ತಮಿಳಿನಲ್ಲಿ ಶುರು ಮಾಡಿದರು. "ಕನ್ನಡದಲ್ಲಿ" ಅಂದೆ. ಅಷ್ಟೇ, ಮಗು ಬಾಯಿ ಮುಚ್ಚಿ ನನ್ನ ಮುಖ ನೋಡುವುದು. ಕೆಲವರು ಎರಡು ಪದ ಕನ್ನಡದಲ್ಲಿ ಎಳೆದರು, ಮೂರನೇದಕ್ಕೆ ನಿಂತರು. ತಮಿಳಿನಲ್ಲಿ ಹೇಳಿದರೆ ಅಂಕ ಕೊಡಬೇಡಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಕಾರ್ಯದರ್ಶಿಗಳು ಆ ಮಾತೇ ಎತ್ತಿರಲಿಲ್ಲ. ಆ ಕಾನೂನು ನಾನೇ ಮಾಡಿದ್ದು, ಆ ಕುರ್ಚಿಯ ಮೇಲೆ ಕೂತು. ಆ ಒಂದು ಬೆಳಗಿನಲ್ಲಿ ಹಾಳೆಯ ತುಂಬ ಸೊನ್ನೆ ಹಾಕಿದೆ. ಹಾಕಿ, ಏನೋ ದೊಡ್ಡ ಸೇವೆ ಮಾಡಿದ ಹಾಗೆ ಬೆನ್ನು ನೇರ ಮಾಡಿಕೊಂಡು ಎದ್ದೆ.

ಅಕ್ಕೋರು ನನ್ನ ಮಕ್ಕಳನ್ನು ಹೇಗೆ ಪರೀಕ್ಷೆ ಮಾಡಿದರು ಅಂತ ಎರಡು ದಿನದ ಮೇಲೆ ಗೊತ್ತಾಯಿತು. ಹಾಳೆಗಳು ಕಚೇರಿಯ ಮೇಜಿನ ಮೇಲಿದ್ದವು. ನನ್ನ ಹಾಳೆಯಲ್ಲಿ ಹೆಸರು ಮತ್ತು ಅಂಕ. ಅವರದರಲ್ಲಿ ಪ್ರತಿ ಹೆಸರಿನ ಮುಂದೆ ಆ ಮಗು ಏನು ಹೇಳಿತು ಅಂತ ಬರೆದಿತ್ತು, ತಮಿಳಿನಲ್ಲಿ ಹೇಳಿದ್ದರೆ ತಮಿಳು ಮಾತನ್ನೇ ಕನ್ನಡ ಅಕ್ಷರದಲ್ಲಿ. ನನ್ನ ಬಾಗಿಲಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡ ಮಕ್ಕಳು ಅವರ ಮುಂದೆ ತಮಿಳಿನಲ್ಲಿ ಪಟಪಟ ಹೇಳಿಬಿಟ್ಟಿದ್ದರು. ಗೊತ್ತಿದ್ದವರಿಗೆಲ್ಲ ಪೂರಾ ಅಂಕ.

ಹಾಗಾಗಿ ನನ್ನ ಕ್ಲಾಸು ಶಾಲೆಗೇ ಮೊದಲು ಬಂತು. ಅಕ್ಕೋರ ಕ್ಲಾಸು ಕೊನೆಗೆ ಬಂತು.

ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಕರೆಸಿದರು. ಕೆಟ್ಟ ಮನುಷ್ಯರಲ್ಲ, ಕಾಗದದ ಮೇಲೆ ಇದ್ದದ್ದನ್ನು ನಂಬಿದರು. "ಮಕ್ಕಳ ಸಂಖ್ಯೆ ನಿಮಗೇ ಗೊತ್ತಲ್ಲಮ್ಮ. ಎರಡು, ಮೂರು ಸೇರಿಸಿ ಒಂದೇ ಮಾಡ್ತಾ ಇದ್ದೀವಿ. ರಿಸಲ್ಟ್ ನೋಡಿದರೆ ಇವರೇ ನೋಡಿಕೊಳ್ಳೋದು ಸರಿ" ಅಂತ ನನ್ನ ಕಡೆ ತೋರಿಸಿದರು. ಅಕ್ಕೋರ ಕಡೆ ತಿರುಗಿ, "ನೀವು ಲೈಬ್ರರಿ ನೋಡ್ಕೊಳ್ಳಿ. ಯಾರಾದರೂ ರಜ ಹಾಕಿದರೆ ಆ ಕ್ಲಾಸಿಗೆ ಹೋಗಿ" ಅಂದರು.

ಆಗ ನಾನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸರ್, ಆ ಮಕ್ಕಳಿಗೆ ಉತ್ತರ ಗೊತ್ತಿತ್ತೇನೋ, ನಾನು ಹೇಳಲು ಬಿಡಲಿಲ್ಲ. ಇವರು ನನ್ನ ಮಕ್ಕಳಿಗೆ ಬಿಟ್ಟರು. ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಹೇಳಿದರೆ ಕ್ಲಾಸು ನನ್ನ ಕೈಯಿಂದ ಹೋಗಬಹುದು, ಲೈಬ್ರರಿಯ ಎರಡು ಬೀರು ನನ್ನ ಪಾಲಿಗೆ ಬರಬಹುದು. ನಾನು ನನ್ನ ಬಳೆ ನೋಡಿಕೊಂಡು ನಿಂತೆ.

ಅಕ್ಕೋರು ಕಾರ್ಯದರ್ಶಿಗಳನ್ನು ಏನೂ ಕೇಳಲಿಲ್ಲ. ಹೊರಗೆ ಬಂದ ಮೇಲೆ ವರಾಂಡದಲ್ಲಿ ನನ್ನನ್ನು ಕೇಳಿದರು. "ನನಗ ಒಂದ ವಾರ ಕೊಡ್ರಿ. ಗೇಣಿನ ಪಾಠ ಅರ್ಧಕ್ಕ ನಿಂತದ. ಅದನ್ನೊಂದು ಮುಗಿಸಿ ಬಿಟ್ಟುಕೊಡ್ತೀನಿ."

"ಸಿಲಬಸ್ ತುಂಬ ಹಿಂದೆ ಬಿದ್ದಿದೆ ಅಕ್ಕೋರೇ" ಅಂದೆ ನಾನು.

"ಮೂರು ದಿವಸರ?"

"ಎರಡು ಕ್ಲಾಸು ಒಟ್ಟಿಗೆ ನೋಡಬೇಕು ನಾನು. ಈಗಲೇ ಶುರು ಮಾಡದಿದ್ದರೆ ಆಗಲ್ಲ."

ಅವರು ತಲೆಯಾಡಿಸಿದರು. ಚೀಲ ತಗೊಂಡು ಹೋದರು. ನಾನು ಕ್ಲಾಸಿಗೆ ಹೋಗಿ ಬೋರ್ಡು ಅಳಿಸಿದೆ. ಡಸ್ಟರ್ ಎತ್ತಿದಾಗ ಮುಂದಿನ ಸಾಲಿನ ಒಂದು ಮಗು "ಮಿಸ್, ಅಳಿಸಬೇಡಿ ಅಂತ ಇದೆ" ಅಂದಿತು, ಕನ್ನಡದಲ್ಲೇ. ನಾನು ಅಳಿಸಿ, ಒಂದು ಮೀಟರಿಗೆ ನೂರು ಸೆಂಟಿಮೀಟರು ಅಂತ ಬರೆದೆ. ಎಲ್ಲರೂ ಬರೆದುಕೊಂಡರು. ಹತ್ತು ನಿಮಿಷದಲ್ಲಿ ಪಾಠ ಮುಗಿಯಿತು.

ಆಮೇಲೆ ನಾಲ್ಕು ವರ್ಷ ಅಕ್ಕೋರು ಕ್ಲಾಸಿಲ್ಲದೆ ಕೆಲಸ ಮಾಡಿದರು. ಪುಸ್ತಕಗಳ ಧೂಳು ಹೊಡೆದರು, ಹರಿದ ರಟ್ಟು ಅಂಟಿಸಿದರು. ಯಾರಾದರೂ ಟೀಚರಿಗೆ ಜ್ವರ ಬಂದರೆ ಅವತ್ತು ಅವರ ಮುಖ ನೋಡಬೇಕಿತ್ತು. ಸೆರಗು ಸಿಕ್ಕಿಸಿಕೊಂಡು ಆ ಕ್ಲಾಸಿಗೆ ಹೋಗುವರು, ಒಂದು ದಿನದ ಮಟ್ಟಿಗೆ ಏನು ಕಲಿಸಲಾಗುತ್ತೆ? ಏನೋ ಒಂದು ಶುರು ಮಾಡುವರು, ಮಾರನೇ ದಿನ ಟೀಚರು ವಾಪಸ್ ಬಂದಿರುವರು. ನನಗೂ ಎರಡು ಸಲ ಜ್ವರ ಬಂದಿತ್ತು ಆ ನಾಲ್ಕು ವರ್ಷದಲ್ಲಿ. ಮಾತ್ರೆ ನುಂಗಿ ಶಾಲೆಗೆ ಹೋದೆ. ಅವರು ನನ್ನ ಕ್ಲಾಸಿಗೆ ಬರುವುದು ನನಗೆ ಬೇಕಿರಲಿಲ್ಲ.

ಮಧ್ಯಾಹ್ನ ನಮ್ಮ ವರಾಂಡದಲ್ಲಿ ಅವರು ಹಾದು ಹೋಗುವುದಿತ್ತು. ಕಿಟಕಿಯ ಹತ್ತಿರ ಹೆಜ್ಜೆ ನಿಧಾನ ಮಾಡುವರು. ನಾನು ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ. ಊಟಕ್ಕೆ ಮಾತ್ರ ಎಂದಿನಂತೆ ಒಟ್ಟಿಗೇ ಕೂರುತ್ತಿದ್ದೆವು. ಅವರು ನನ್ನ ಮೇಲೆ ಒಂದು ದಿನವಾದರೂ ಮುನಿಸು ತೋರಿಸಿದ್ದರೆ, ನಾನು ಜಗಳವಾಡಿ, ಜಗಳದಲ್ಲಿ ಎಲ್ಲ ಕಕ್ಕಿಬಿಡುತ್ತಿದ್ದೆನೋ ಏನೋ. ಅವರು ತೋರಿಸಲಿಲ್ಲ. ನಾನು ಹೇಳಲಿಲ್ಲ.

ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಕಾರ್ಯದರ್ಶಿಗಳು ಅವರ ಗ್ರಂಥಾಲಯ ಸೇವೆಯನ್ನು ಹೊಗಳಿದರು. ನಾನೂ ಮಾತಾಡಿದೆ. 'ತಾಳ್ಮೆಯ ಗಣಿ' ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ನಾಚಿಕೆಗೆಟ್ಟವಳು ನಾನು. ಅಕ್ಕೋರು ಎದ್ದು ನಿಂತು ಎಲ್ಲರಿಗೂ ನಮಸ್ಕಾರ ಹೇಳಿ, "ನಾ ಲೈಬ್ರರಿಯಾಕಿ ಅಲ್ಲ. ನಾ ಎರಡನೇ ಕ್ಲಾಸ್ ಕಲಿಸಾಕಿ. ಅದನ್ನ ಬರಕೊಳ್ರಿ" ಅಂದು ಕೂತರು. ಅವರಿಗೆ ಭಾಷಣ ಬರುವುದಿಲ್ಲ ಅಂತ ಜನ ನಕ್ಕು ಚಪ್ಪಾಳೆ ತಟ್ಟಿದರು.

ಆಮೇಲೆ ಗಂಡ ಹೆಂಡತಿ ಊರಿನ ಇನ್ನೊಂದು ತುದಿಯ ಬೆಸೆಂಟ್ ನಗರದಲ್ಲಿ ಒಂದು ಸಣ್ಣ ಮನೆ ಹಿಡಿದರು. ನಾನು ನಿವೃತ್ತಳಾದ ಮೇಲೆ, ಹೋದ ವರ್ಷ, ಒಂದು ಬೆಳಿಗ್ಗೆ ಹೊರಟೇಬಿಟ್ಟೆ. ಎರಡು ಬಸ್ಸು ಬದಲಾಯಿಸಿಕೊಂಡು ಹೋಗಬೇಕು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ, ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಬಾಗಿಲು ತೆಗೆದವರು ಅಕ್ಕೋರೇ. ತುಂಬ ಸೊರಗಿದ್ದರು, ಆದರೆ ಹುಬ್ಬಿನ ಗಂಟು ಹಾಗೇ ಇತ್ತು. "ಬರ್ರಿ ಬರ್ರಿ, ಕೂಡ್ರಿ. ಇವರು ಬೀಚಿಗೆ ಹೋಗ್ಯಾರ. ಚಾ ಮಾಡ್ತೀನಿ" ಅಂದರು. ನಾನು ಚಾ ಮಾಡಲು ಬಿಡಲಿಲ್ಲ. ಒಳಗೆ ಹೋಗಲು ಬಿಟ್ಟರೆ ನನ್ನ ಧೈರ್ಯವೂ ಹೋಗುತ್ತಿತ್ತು. ಕೈ ಹಿಡಿದು ಕೂರಿಸಿ ಎಲ್ಲ ಹೇಳಿದೆ. ತಮಿಳಿನಲ್ಲಿ ಹೇಳಿದವರಿಗೆಲ್ಲ ಸೊನ್ನೆ ಹಾಕಿದ್ದು, ಹಾಗೆ ಮಾಡು ಅಂತ ನನಗೆ ಯಾರೂ ಹೇಳದೆ ಇದ್ದದ್ದು, ಕಚೇರಿಯಲ್ಲಿ ಬಾಯಿ ಬಿಡದೆ ನಿಂತದ್ದು, ನಿಮ್ಮ ಕ್ಲಾಸು ನನ್ನಿಂದ ಹೋಯಿತು ಅಕ್ಕೋರೇ ಅಂತ. ಅಳು ಬಂತು, ಅತ್ತೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಇಲ್ಲವೇ, ಹೋಗಲಿ ಬಿಡ್ರಿ ಅನ್ನುತ್ತಾರೆ ಅಂತಲೂ ಒಳಗೊಳಗೇ ಆಸೆ ಇತ್ತು.

ಅವರು ಎರಡೂ ಅನ್ನಲಿಲ್ಲ. ಮುಂದಕ್ಕೆ ಬಾಗಿ ಕೂತರು.

"ಹಂಗಂದ್ರ ಅವು ಉತ್ತರ ಹೇಳಿದ್ವು?"

"ಹೇಳೋಕೆ ಶುರು ಮಾಡಿದರು."

"ಗೇಣಿಂದೂ ಕೇಳಿದ್ರಿ?"

"ಕೇಳಿದೆ."

"ಏನಂದ್ವು?"

ನನಗೆ ಆಗ ಅರ್ಥವಾಯಿತು. ಇಷ್ಟು ವರ್ಷ ಅವರು ತಿಳಿದದ್ದು, ತಮ್ಮ ಮಕ್ಕಳಿಗೆ ಏನೂ ಬಂದಿರಲಿಲ್ಲ ಅಂತ. ಕಲಿಸಲು ತಮಗೇ ಆಗಲಿಲ್ಲ ಅಂತ.

ನೆನಪು ಮಾಡಿಕೊಳ್ಳಲು ನೋಡಿದೆ. ಕಣ್ಣು ಮುಚ್ಚಿ ನೋಡಿದೆ. "ಹರಿಣಿ 'ಎನ್ ಕೈ' ಅಂತ ಶುರು ಮಾಡಿದಳು. ನನ್ನ ಕೈ ಅಂತ."

"ಹೂಂ. ಮುಂದ?"

"ನಾನು ಕನ್ನಡದಲ್ಲಿ ಹೇಳು ಅಂದೆ. ನಿಲ್ಲಿಸಿಬಿಟ್ಟಳು."

"ಕೈ ಸಣ್ಣದು ಅಂದಳೇನು? ಅಥವಾ ಬ್ಯಾರೆ ಏನರ?"

"ಗೊತ್ತಿಲ್ಲ ಅಕ್ಕೋರೇ. ಸೊನ್ನೆ ಹಾಕಿ ಕಳಿಸಿದೆ."

"ಇರಲಿ. ಅಖಿಲೇಶ? ಅಂವ ಏನಂದ?"

"ನೆನಪಿಲ್ಲ."

"ಭಾರ್ಗವಿ?"

ರಿಜಿಸ್ಟರಿನಲ್ಲಿದ್ದ ಸಾಲಿನಲ್ಲೇ ಅವರು ಒಂದೊಂದೇ ಹೆಸರು ಹೇಳುತ್ತಾ ಹೋದರು. ಪ್ರತಿ ಹೆಸರಿಗೂ ನಿಂತು, ನನ್ನ ಬಾಯಿಯನ್ನೇ ನೋಡುವರು. ನೆನಪಿಲ್ಲ ಅಂದೆ, ಮತ್ತೆ ನೆನಪಿಲ್ಲ ಅಂದೆ. ಕೊನೇ ಹೆಸರಿನವರೆಗೂ ಅವರು ಬಿಡಲಿಲ್ಲ.